ವಿಶ್ವ ಬ್ಯಾಲೆ ದಿನ ಶುರುವಾದ ಆ ಬುಧವಾರ

2014ರ ಅಕ್ಟೋಬರ್ 1. ಆಗ ನಾನು ಲಂಡನ್ನಿನಲ್ಲಿದ್ದೆ. ಕೆಲಸಕ್ಕೆ ರಜೆ ಹಾಕಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಮೊದಲ ವಿಶ್ವ ಬ್ಯಾಲೆ ದಿನ ಅಂದೇ. ಬ್ಯಾಲೆ ಅನ್ನುವ ಪಾಶ್ಚಾತ್ಯ ಶಾಸ್ತ್ರೀಯ ನೃತ್ಯದ ಐದು ದೊಡ್ಡ ತಂಡಗಳು ತಮ್ಮ ಒಂದು ದಿನದ ಕೆಲಸವನ್ನು ಇಂಟರ್ನೆಟ್ಟಿನಲ್ಲಿ ನೇರವಾಗಿ, ಪುಕ್ಕಟೆಯಾಗಿ ತೋರಿಸುತ್ತಿದ್ದವು. ಎಲ್ಲಿ ಮೊದಲು ಬೆಳಗಾಗುತ್ತದೋ ಅಲ್ಲಿಂದ ಸರದಿ. ಮೆಲ್ಬರ್ನಿನ ಆಸ್ಟ್ರೇಲಿಯನ್ ಬ್ಯಾಲೆ, ಮಾಸ್ಕೋದ ಬಲ್ಶೊಯ್, ಲಂಡನ್ನಿನ ರಾಯಲ್ ಬ್ಯಾಲೆ, ಆಮೇಲೆ ಟೊರಾಂಟೊ, ಕೊನೆಗೆ ಸ್ಯಾನ್ ಫ್ರಾನ್ಸಿಸ್ಕೊ.

ಇದರ ಬೇರು 2012ರಲ್ಲಿದೆ. ಆ ವರ್ಷ ಮಾರ್ಚ್ 23ರಂದು ರಾಯಲ್ ಬ್ಯಾಲೆ ಒಂದೇ ತನ್ನ ದಿನವನ್ನು ಯೂಟ್ಯೂಬಿನಲ್ಲಿ ಒಂಬತ್ತು ಗಂಟೆ ಕಾಲ ತೋರಿಸಿತ್ತು. ಊಟದ ಬಿಡುವಿನಲ್ಲಿ ಒಂದಿಷ್ಟು ನೋಡಿದ್ದೆ. ಅಲ್ಲಿಂದಲೇ ಹಿಡಿದಿತ್ತು ಈ ಹುಚ್ಚು.

ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಬೆಳಗಿನ ಕ್ಲಾಸ್. ಎಷ್ಟೇ ದೊಡ್ಡ ಹೆಸರಿರಲಿ, ದಿನ ಶುರುವಾಗುವುದು ಬಾರ್ ಅನ್ನುವ ಮರದ ಕಂಬಿ ಹಿಡಿದು, ಮಂಡಿ ಬಗ್ಗಿಸುವ ಪ್ಲಿಯೆಯಿಂದ. ಮೂಲೆಯಲ್ಲಿ ಒಬ್ಬರು ಪಿಯಾನೊ ನುಡಿಸುತ್ತಿರುತ್ತಾರೆ. ಮೈ ಬಿಸಿಯಾಗಲಿ ಅಂತ ಕೆಲವರು ಮಾಸಿದ ಉಣ್ಣೆಯ ಲೆಗ್ಗಿಂಗ್ಸ್ ಹಾಕಿರುತ್ತಾರೆ. ಟೀಚರ್ ಮುಂದಿನ ಹೆಜ್ಜೆಗಳನ್ನು ಬಾಯಲ್ಲಿ ಹೇಳುತ್ತಿದ್ದಂತೆ ನರ್ತಕರು ಕಾಲು ಎತ್ತುವುದಿಲ್ಲ. ಎರಡು ಅಂಗೈಗಳನ್ನೇ ಪಾದಗಳಂತೆ ಆಡಿಸಿ, ಮನಸ್ಸಿನಲ್ಲೇ ಒಮ್ಮೆ ಕುಣಿದು ಮುಗಿಸುತ್ತಾರೆ. ಇದನ್ನು ವೇದಿಕೆಯ ಮೇಲೆ ಎಂದೂ ಕಾಣಲಾರಿರಿ.

ಚಿಕ್ಕವಳಿದ್ದಾಗ ಮೈಸೂರಿನಲ್ಲಿ ಭರತನಾಟ್ಯ ಕಲಿತವಳು ನಾನು. ಮಂಡಿಗಳನ್ನು ಪಕ್ಕಕ್ಕೆ ತೆರೆದು ಅರಮಂಡಿಯಲ್ಲಿ ಕೂತು ತಟ್ಟಡವು ಹಾಕಿದ ದಿನಗಳು ನೆನಪಾದವು. ಅವರ ಪ್ಲಿಯೆಯಲ್ಲೂ ಮಂಡಿ ಹೊರಕ್ಕೇ ತೆರೆಯುತ್ತದೆ. ಆದರೆ ನಾವು ಕೂತೇ ನೆಲ ತಟ್ಟುತ್ತೇವೆ, ಅವರು ಅಲ್ಲಿಂದ ಮೇಲಕ್ಕೆ ಚಿಮ್ಮುತ್ತಾರೆ. ಕ್ಲಾಸಿನ ಕೊನೆಗೆ ದೊಡ್ಡ ಜಿಗಿತಗಳು. ಅವು ಮುಗಿದ ಮೇಲೆ ಏದುಸಿರು ಬಿಡುತ್ತಾ ನಿಂತವರನ್ನು ನೋಡಿ ನನ್ನ ಕಣ್ಣು ತುಂಬಿ ಬಂತು. ಅಷ್ಟು ಹಗುರಾಗಿ ಕಾಣುವುದರ ಹಿಂದೆ ಎಷ್ಟು ದುಡಿಮೆ ಅಲ್ವಾ!

ಅಂತರರಾಷ್ಟ್ರೀಯ ನೃತ್ಯ ದಿನ ಅಂತ ಬೇರೆ ಒಂದಿದೆ. ಬ್ಯಾಲೆಯನ್ನು ತಿದ್ದಿ ಬೆಳೆಸಿದ ನೊವೇರ್ ಹುಟ್ಟಿದ ಏಪ್ರಿಲ್ 29ರಂದೇ ಅದು. ವಿಶ್ವ ಬ್ಯಾಲೆ ದಿನಕ್ಕೆ ಹಾಗೆ ಗೊತ್ತಾದ ತಾರೀಕಿಲ್ಲ. 2019ರಲ್ಲಿ ಅಕ್ಟೋಬರ್ 23, 2022ರಲ್ಲಿ ನವೆಂಬರ್ 2. ನನಗೆ ಅದೇ ಚೆಂದ ಅನಿಸುತ್ತದೆ. ಯಾವ ಜಯಂತಿಯೂ ಅಲ್ಲದ, ಸುಮ್ನೆ ಕೆಲಸದ ಒಂದು ದಿನವೇ ಅವರಿಗೆ ಹಬ್ಬ.

2022ರಲ್ಲಿ ಉಕ್ರೇನ್ ಯುದ್ಧ ಶುರುವಾಯಿತು. ಆ ವರ್ಷದ ವಿಶ್ವ ಬ್ಯಾಲೆ ದಿನದಲ್ಲಿ ರಷ್ಯಾದ ಬಲ್ಶೊಯ್ ಇರಲಿಲ್ಲ. ಬೇರೆ ದಾರಿ ಇರಲಿಲ್ಲ ಎಂದೇ ನಾನೂ ನಂಬಿದ್ದೇನೆ. ಆದರೂ ಮಾಸ್ಕೋದ ಆ ಕ್ಲಾಸನ್ನು ಮತ್ತೆ ನೋಡುವ ಆಸೆ ಮಾತ್ರ ಹೋಗಿಲ್ಲ.