ಬಸುರಿಗೆ ಜ್ವರ, ಜೊತೆಗೆ ಎಸ್‌ಜಿಪಿಟಿ ಏರಿದೆ: ಹುಡುಕಾಟ ಎಲ್ಲಿಂದ?

ಎಂಟನೇ ತಿಂಗಳು, ಐದು ದಿನದ ಜ್ವರ, ಯಕೃತ್ತಿಗೆ ಪೆಟ್ಟಾದಾಗ ರಕ್ತದಲ್ಲಿ ಹೆಚ್ಚುವ ಕಿಣ್ವ ಎಸ್‌ಜಿಪಿಟಿ ಏರಿದೆ, ಪ್ಲೇಟ್‌ಲೆಟ್ ಇಳಿದಿದೆ. ಮಳೆಗಾಲವಾದರೆ ಡೆಂಗಿ, ಬಿಪಿ ಹೆಚ್ಚಿದ್ದರೆ ಹೆಲ್ಪ್ ಸಿಂಡ್ರೋಮ್ (ಬಸುರಿನಲ್ಲಿ ಕೆಂಪು ರಕ್ತಕಣ ಒಡೆದು, ಯಕೃತ್ತಿನ ಕಿಣ್ವ ಏರಿ, ಪ್ಲೇಟ್‌ಲೆಟ್ ಇಳಿಯುವ ಕಾಯಿಲೆ) ಎಂದು ಬರೆದು ಹುಡುಕಾಟ ನಿಲ್ಲಿಸುವುದುಂಟು. ಅಪಾಯ ಇರುವುದು ಈ ಅವಸರದಲ್ಲೇ.

ಕೊನೆಯ ತಿಂಗಳುಗಳಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಏರುವುದು ಸಹಜ, ಅದು ಮಾಸಿನಿಂದ ಬರುತ್ತದೆ. ರಕ್ತದ ಪ್ರೋಟೀನ್ ಆಲ್ಬುಮಿನ್ ಇಳಿಯುವುದೂ ಸಹಜ. ಆದರೆ ಎಸ್‌ಜಿಪಿಟಿ, ಅದರ ಜೊತೆಗಾರ ಕಿಣ್ವ ಎಸ್‌ಜಿಒಟಿ, ಕಾಮಾಲೆಯ ಹಳದಿ ವಸ್ತು ಬಿಲಿರುಬಿನ್ ಏರಿದರೆ ‘ಬಸುರಿನಲ್ಲಿ ಹೀಗೇ’ ಎಂದು ಬಿಡುವಂತಿಲ್ಲ. ಹೆಲ್ಪ್ ಆಗಲಿ, ಬಸುರಿನಲ್ಲಿ ಯಕೃತ್ತಿಗೆ ಕೊಬ್ಬು ತುಂಬುವ ಕಾಯಿಲೆಯಾಗಲಿ ಸಾಮಾನ್ಯವಾಗಿ ಜ್ವರ ತರುವುದಿಲ್ಲ. ಬಿಪಿ ಎಷ್ಟೇ ಇರಲಿ, ಜ್ವರ ಇದ್ದರೆ ಸೋಂಕನ್ನೂ ಹುಡುಕಬೇಕು. ಎರಡೂ ಒಟ್ಟಿಗೇ ಇರಬಹುದು.

ಅಂಕಿಗಳನ್ನು ಬಿಡಿಬಿಡಿಯಾಗಿ ಓದಬೇಡಿ. ಬಿಲಿರುಬಿನ್ 10 ದಾಟಿ, ಎಸ್‌ಜಿಪಿಟಿ ಇನ್ನೂರರ ಆಸುಪಾಸಿನಲ್ಲಿದ್ದು, ಮೂತ್ರಪಿಂಡದ ಸ್ಥಿತಿ ತೋರುವ ಕ್ರಿಯಾಟಿನಿನ್ ಏರಿ, ಮೀನಖಂಡ ಮುಟ್ಟಿದರೆ ನೋವು, ಕಣ್ಣು ಕೆಂಪು ಎಂದರೆ ಇಲಿ ಜ್ವರವನ್ನು ಮೊದಲು ನೆನೆಯಿರಿ. ಡೆಂಗಿಯಲ್ಲಿ ಎಸ್‌ಜಿಪಿಟಿಗಿಂತ ಎಸ್‌ಜಿಒಟಿ ಹೆಚ್ಚಿರುವುದೇ ವಾಡಿಕೆ; ಐದು ದಿನ ಕಳೆದ ಮೇಲೆ ವೈರಸ್‌ನ ಪ್ರೋಟೀನ್ ಹುಡುಕುವ ಎನ್‌ಎಸ್1 ಪರೀಕ್ಷೆ ನೆಗೆಟಿವ್ ಬಂದರೆ ಡೆಂಗಿ ಅಲ್ಲ ಎನ್ನಲಾಗದು, ಪ್ರತಿಕಾಯ ಹುಡುಕುವ ಐಜಿಎಂ ಪರೀಕ್ಷೆ ಬೇಕು. ಎಸ್‌ಜಿಒಟಿ, ಎಸ್‌ಜಿಪಿಟಿ ಎರಡೂ ಸಾವಿರಗಳಲ್ಲಿದ್ದು ಕಾಮಾಲೆಯೂ ಇದ್ದರೆ ಹೆಪಟೈಟಿಸ್ ಇ ಐಜಿಎಂ, ರಕ್ತ ಹೆಪ್ಪುಗಟ್ಟುವುದು ತಡವಾಗುತ್ತಿದೆಯೇ ಎಂದು ತೋರುವ ಐಎನ್‌ಆರ್ ತಡಮಾಡದೆ ಕಳಿಸಿ. ಮಲೇರಿಯಾ ಸ್ಮಿಯರ್ (ಗಾಜಿನ ಮೇಲಿನ ರಕ್ತಲೇಪದ ಪರೀಕ್ಷೆ) ಒಮ್ಮೆ ನೆಗೆಟಿವ್ ಬಂದರೆ ಸಾಲದು, ಮತ್ತೆ ಮಾಡಿಸಿ. ಶಿವಮೊಗ್ಗ, ಉತ್ತರ ಕನ್ನಡದ ಕಾಡಂಚಿನವರಾದರೆ ಮಂಗನ ಕಾಯಿಲೆಯನ್ನೂ ಕೇಳಿ ನೋಡಿ.

ಪುಟ್ಟ ನುಸಿಯ ಕಡಿತದಿಂದ ಬರುವ ಜ್ವರ ಸ್ಕ್ರಬ್ ಟೈಫಸ್‌ನ ಕಪ್ಪು ಹಕ್ಕಳೆ ಸಿಗರೇಟಿನಿಂದ ಸುಟ್ಟ ಗಾಯದ ಹಾಗಿರುತ್ತದೆ, ನೋವಿರುವುದಿಲ್ಲ. ಸ್ತನದ ಕೆಳಗೆ, ಕಂಕುಳು, ತೊಡೆಸಂದಿಯಲ್ಲಿ ಬಟ್ಟೆ ಸರಿಸಿ ನೋಡಲೇಬೇಕು. ಈ ಜ್ವರ ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯಾಟಿಕ್‌ಗೆ ಬಗ್ಗುವುದಿಲ್ಲ. ಬಸುರಿಯರಿಗೆ ಅಜಿತ್ರೋಮೈಸಿನ್ ಕೊಡುತ್ತಾರೆ.

ತೀರಾ ಮರೆತುಹೋಗುವುದು ಹರ್ಪೀಸ್ ಹೆಪಟೈಟಿಸ್, ಅಂದರೆ ಮೈಮೇಲೆ ಗುಳ್ಳೆ ಎಬ್ಬಿಸುವ ಹರ್ಪೀಸ್ ವೈರಸ್ ಯಕೃತ್ತಿಗೆ ತರುವ ಉರಿಯೂತ. ಎಸ್‌ಜಿಪಿಟಿ ಸಾವಿರಗಳಲ್ಲಿ, ಬಿಲಿರುಬಿನ್ ಮಾತ್ರ ಹೆಚ್ಚೇನೂ ಏರಿಲ್ಲ, ಬಿಳಿ ರಕ್ತಕಣ ಕಡಿಮೆ, ಜ್ವರ ಜೋರು: ಈ ಚಿತ್ರ ಕಂಡರೆ ಗುಳ್ಳೆಗಾಗಿ ಕಾಯಬೇಡಿ, ಎಷ್ಟೋ ಜನರಲ್ಲಿ ಗುಳ್ಳೆಯೇ ಇರುವುದಿಲ್ಲ. ಇಲ್ಲಿ ಐಜಿಎಂ ನಂಬುವಂಥದ್ದಲ್ಲ, ವೈರಸ್‌ನ ಡಿಎನ್‌ಎಯನ್ನೇ ಹುಡುಕುವ ರಕ್ತದ ಪಿಸಿಆರ್ ಬೇಕು. ವರದಿ ಬರುವ ಮೊದಲೇ ವೈರಸ್ ವಿರುದ್ಧದ ಔಷಧ ಅಸೈಕ್ಲೋವಿರ್, ಕೆಜಿಗೆ 10 ಮಿಗ್ರಾಂ, 8 ಗಂಟೆಗೊಮ್ಮೆ ರಕ್ತನಾಳಕ್ಕೆ ಶುರುವಾಗಬೇಕು. ಮೂತ್ರಪಿಂಡ ಸೋತಿದ್ದರೆ ಪ್ರಮಾಣ ಇಳಿಸಬೇಕು.

ವಾಂತಿ, ರಕ್ತದ ಸಕ್ಕರೆ 72ಕ್ಕಿಂತ ಕೆಳಗೆ, ಐಎನ್‌ಆರ್ ಏರಿಕೆ ಕಂಡರೆ ಮೊದಲು ಹೇಳಿದ, ಬಸುರಿನಲ್ಲಿ ಯಕೃತ್ತಿಗೆ ಕೊಬ್ಬು ತುಂಬುವ ಕಾಯಿಲೆಯನ್ನು ಶಂಕಿಸಿ. ಅದಕ್ಕೆ ಚಿಕಿತ್ಸೆ ಹೆರಿಗೆಯೇ. ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್ ಫೈಬ್ರಿನೋಜನ್ 200 ಎಂದರೆ ಲ್ಯಾಬ್ ಚೀಟಿ ‘ನಾರ್ಮಲ್’ ಎನ್ನುತ್ತದೆ. ತುಂಬು ಬಸುರಿಯಲ್ಲಿ ಅದು ಮಾಮೂಲಾಗಿ ಇದರ ಎರಡರಷ್ಟಿರುವುದರಿಂದ 200 ಕಡಿಮೆಯೇ.

ಆಂಟಿಬಯಾಟಿಕ್‌ಗೆ ಮೊದಲು ಬ್ಲಡ್ ಕಲ್ಚರ್ ತೆಗೆಯಿರಿ. ನುಂಗಿದ ಪ್ಯಾರಾಸಿಟಮಾಲ್ ಎಷ್ಟು, ಕಾಮಾಲೆಗೆ ನಾಟಿ ಔಷಧ ಕುಡಿದಿದ್ದಾರೆಯೇ ಎಂದು ಮನೆಯವರನ್ನು ಕೇಳಿ. ನೋವಿಗೆ ಕೊಡುವ ಡೈಕ್ಲೋಫೆನಾಕ್ ಇಂಜೆಕ್ಷನ್ ಬೇಡ. ದೊಡ್ಡಾಸ್ಪತ್ರೆಗೆ ಕಳಿಸುವಾಗ ಪ್ರತಿ ಅಂಕಿಯ ಪಕ್ಕದಲ್ಲೂ ರಕ್ತ ತೆಗೆದ ಗಂಟೆ ಬರೆದಿರಲಿ. ಆರು ಗಂಟೆಯಲ್ಲಿ ಪ್ಲೇಟ್‌ಲೆಟ್ ಎಷ್ಟು ಇಳಿಯಿತು ಎಂಬುದು ಅಲ್ಲಿನವರಿಗೆ ಗೊತ್ತಾಗುವುದು ಅದರಿಂದಲೇ.