ನಾ ಮಂದ್ಯಾಗಿನಾಕಿ

ಮೊನ್ನೆ ಭಾನುವಾರ ಆರಾಧನೆ ಮುಗಿದ ಮೇಲೆ ಪಾಸ್ಟರ್ ಮೈಕ್ ಹಿಡಿದು, "ಸೀನಾಯಿ ಬೆಟ್ಟ ಹತ್ತಿದವರೆಲ್ಲ ಮುಂದೆ ಬನ್ನಿ" ಎಂದರು. ಹತ್ತೊಂಬತ್ತು ಜನ ಹೋಗಿ ನಿಂತೆವು. ಶಾಲು, ಚಪ್ಪಾಳೆ, ಫೋಟೋ. ಮೌಶಿ, ಅಂದರೆ ನನ್ನ ತಾಯಿಯ ಸೋದರಿ, ಮೂರನೇ ಬೆಂಚಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದಳು. ನನಗೆ ಆ ಶಾಲು ಹೊದ್ದು ನಿಲ್ಲುವುದೇ ಕಷ್ಟವಾಯಿತು.

ನಾವು ಹುಬ್ಬಳ್ಳಿಯಿಂದ ಮೂವತ್ತೆರಡು ಜನ ಹೋಗಿದ್ದೆವು. ಕೈರೋದಿಂದ ಬಸ್ಸು. ಸೂಯೆಜ್ ಕಾಲುವೆಯ ಕೆಳಗಿನ ಸುರಂಗ ದಾಟಿದ ಮೇಲೆ ಕಿಟಕಿಯಾಚೆ ಬರೀ ಕಲ್ಲು, ಮರಳು. ಒಳಗೆ ಬರೀ ಗೊಣಗಾಟ. ಏಸಿ ಜಾಸ್ತಿ, ಏಸಿ ಕಡಿಮೆ, ರೊಟ್ಟಿ ಇಲ್ಲ, ಖಾರ ಇಲ್ಲ. ಇದೇ ಮರಳುಗಾಡಿನಲ್ಲಿ, ಮೋಶೆಯ ಹಿಂದೆ ಐಗುಪ್ತ ಅಂದರೆ ಈಜಿಪ್ಟ್ ಬಿಟ್ಟು ಬಂದ ಇಸ್ರಾಯೇಲ್ಯರು ಅಲ್ಲಿನ ಸೌತೆಕಾಯಿ, ಈರುಳ್ಳಿ, ಬೆಳ್ಳುಳ್ಳಿ ನೆನೆಸಿಕೊಂಡು ಅತ್ತರಂತೆ. ನಮ್ಮವರು ಶೇಂಗಾ ಚಟ್ನಿ ನೆನೆಸಿಕೊಂಡರು, ಅಷ್ಟೇ ವ್ಯತ್ಯಾಸ.

ಬೈಬಲಿನಲ್ಲಿ ದೇವರು ಮೋಶೆಗೆ ಹತ್ತು ಆಜ್ಞೆ ಕೊಟ್ಟದ್ದು ಸೀನಾಯಿ ಬೆಟ್ಟದ ಮೇಲೆ. ಮೋಶೆ ಮೇಲೆ ಹೋದ, ಮಂದಿ ಕೆಳಗೆ ಕಾದರು. ಬೆಟ್ಟ ಹತ್ತಲು ರಾತ್ರಿ ಒಂದೂವರೆಗೆ ಹೊರಟೆವು. ಸುಮಾರು 7,500 ಅಡಿ ಎತ್ತರ. ಮೊಣಕಾಲು ನೋವಿನವರಿಗೆ ಒಂಟೆ ಉಂಟು. ಆದರೆ ಒಂಟೆ ಕೊನೆಯ 750 ಮೆಟ್ಟಿಲ ಕೆಳಗೇ ನಿಂತುಬಿಡುತ್ತದೆ. ಮುಂದೆ ನಡೆದೇ ಹೋಗಬೇಕು. ಮೌಶಿ ಒಂಟೆಯಿಂದಿಳಿದು, ಅಲ್ಲಿದ್ದ ಬೆದೂಯಿನ್ ಬುಡಕಟ್ಟಿನ ಹುಡುಗನ ಚಹಾ ಅಂಗಡಿಯಲ್ಲಿ ಕಲ್ಲಿನ ಕಟ್ಟೆ ಹಿಡಿದು ಕೂತಳು. ಪಾಸ್ಟರ್ ಬಂದರು.

"ಅಮ್ಮಾರ, ಇಷ್ಟು ದೂರ ಬಂದೀರಿ. ಇನ್ನ 750 ಮೆಟ್ಟಿಲ ಅಷ್ಟ. ನಾವು ಕೈ ಹಿಡೀತೀವಿ."

"ಬ್ಯಾಡ್ರೀ. ಮಂದಿ ಗುಡ್ಡಾ ಮುಟ್ಟಬಾರದು ಅಂತ ದೇವರ ಹೇಳ್ಯಾನಲ್ರೀ? ನಾ ಮಂದ್ಯಾಗಿನಾಕಿ."

ನಮ್ಮ ಜೊತೆ ಒಬ್ಬರು ನಿವೃತ್ತ ಇಂಜಿನಿಯರ್ ಇದ್ದರು. ಎಲ್ಲ ಕಡೆ ಗೈಡ್‌ಗೆ "ಪುರಾವೆ ಏನು?" ಎಂದು ಕೇಳುವವರು. ಆ ಗೈಡ್ ಒಳ್ಳೆಯವನು, "ಪುರಾವೆ ಇಲ್ಲ ಸರ್, ನಂಬಿಕೆ" ಎಂದು ಹೇಳಿಯೂ ಬಿಟ್ಟಿದ್ದ. ಇಂಜಿನಿಯರ್ ಬಿಡಬೇಕಲ್ಲ. "ಅಲ್ರೀ ಅಮ್ಮಾರ, ಮುಕ್ಕಾಲು ಗುಡ್ಡಾ ಏರೇ ಬಿಟ್ಟೀರಲ್ಲ?"

"ಏರಿದ್ದು ಒಂಟಿ, ನಾ ಅಲ್ಲ."

ಎಲ್ಲರೂ ನಕ್ಕು ಮುಂದೆ ಹೋದರು. ಬೈಬಲಿನ ವಿಮೋಚನಕಾಂಡದ 19ನೇ ಅಧ್ಯಾಯದಲ್ಲಿ ಪಶುವೂ ಬೆಟ್ಟ ಮುಟ್ಟಬಾರದು ಎಂದಿದೆ. ಆ ಚಳಿಯಲ್ಲಿ ಪಾಸ್ಟರ್‌ಗೂ ಅದು ನೆನಪಾಗಲಿಲ್ಲ.

ಮೇಲೆ ಒಂದು ಸಣ್ಣ ಚರ್ಚು, ಒಂದು ಸಣ್ಣ ಮಸೀದಿ. ಉಳಿದ ಜಾಗವೆಲ್ಲ ಮೊಬೈಲು. ಸೂರ್ಯ ಹುಟ್ಟಿದ, ಕಲ್ಲೆಲ್ಲ ಕೆಂಪಾಯಿತು, ಚೆಂದವೇ ಇತ್ತು. ಆದರೆ ಒಳ್ಳೆ ಜಾಗಕ್ಕೆ ಮೊಣಕೈ ತೂರಿಸುತ್ತಿದ್ದಾಗ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ ಮಾತು. ನಾ ಮಂದ್ಯಾಗಿನಾಕಿ.

ಸಂಡೇ ಸ್ಕೂಲಿನಿಂದಲೂ ನಮಗೆ ಮೋಶೆಯಂತಾಗಿ ಎಂದೇ ಹೇಳಿಕೊಟ್ಟಿದ್ದಾರೆ. ಕೆಳಗೆ ನಲವತ್ತು ದಿನ ಕಾದವರ ಬಗ್ಗೆ ಹೇಳುವುದು ಬಂಗಾರದ ಕರು ಮಾಡಿಕೊಂಡರು ಎಂದು ಬೈಯುವುದಕ್ಕೆ ಮಾತ್ರ. ನಾಟಕದಲ್ಲೂ ಅಷ್ಟೇ ಅಲ್ವಾ? ಮೋಶೆ ಪಾತ್ರಕ್ಕೆ ಜಗಳ, ಮಂದಿ ಪಾತ್ರಕ್ಕೆ ಯಾರು ಸಿಕ್ಕರೂ ಸರಿ. ನಮ್ಮ ಸಭೆಯಲ್ಲಿ ಕಮಿಟಿ ಚುನಾವಣೆ ಬಂದಾಗಲೂ ಹೀಗೇ. ಎಲ್ಲರಿಗೂ ಬೆಟ್ಟದ ಮೇಲೇ ಕೆಲಸ. ಮೌಶಿ ಮಾತ್ರ ನಲವತ್ತು ವರ್ಷದಿಂದ ಸುಮ್ನೆ ಚರ್ಚಿನ ಚಾಪೆ ಝಾಡಿಸಿ ಮಡಚಿ ಇಡುತ್ತಾ ಬಂದಿದ್ದಾಳೆ. ಅದಕ್ಕೆ ಯಾರೂ ಶಾಲು ಹೊದಿಸಿಲ್ಲ.

ನಾನು ಇಳಿದು ಬಂದಾಗ ಅವಳು ಆ ಹುಡುಗನ ಕಂಬಳಿ ಹೊದ್ದು ಮೂರನೇ ಚಹಾ ಕುಡಿಯುತ್ತಿದ್ದಳು. ಅವನಿಗೆ ಕನ್ನಡ ಬಾರದು, ಇವಳಿಗೆ ಅರಬ್ಬಿ ಬಾರದು. ಅವನು ಮೇಲೆ ಕೈ ತೋರಿಸಿ "ಮೂಸಾ" ಎಂದನಂತೆ, ಇವಳು "ಮೋಶೆ" ಎಂದಳಂತೆ. "ಇಬ್ಬರೂ ಒಬ್ಬನ ಬಗ್ಗೆನ ಮಾತಾಡಾಕತ್ತಿದ್ವಿ ನೋಡು" ಎಂದು ನಕ್ಕಳು.

ಮೂರು ದಿನದ ಮೇಲೆ ಜೋರ್ಡಾನಿನ ನೆಬೋ ಬೆಟ್ಟ. ಅಲ್ಲಿ ಬಸ್ಸು ಮೇಲಿನ ತನಕ ಹೋಗುತ್ತದೆ, ಹಾಗಾಗಿ ಮೌಶಿಯೂ ಬಂದಳು. ದೇವರು ಇಸ್ರಾಯೇಲ್ಯರಿಗೆ ಕೊಡುತ್ತೇನೆಂದ ವಾಗ್ದಾನ ದೇಶವನ್ನು ಮೋಶೆ ದೂರದಿಂದ ನೋಡಿ ಸತ್ತದ್ದು ಇಲ್ಲೇ ಎನ್ನುತ್ತಾರೆ. ಆಗ ಅವನಿಗೆ 120 ವರ್ಷ, ಕಣ್ಣು ಮಾತ್ರ ಮಬ್ಬಾಗಿರಲಿಲ್ಲವಂತೆ. ಪಾಸ್ಟರ್ ಅದನ್ನೇ ಓದುತ್ತಿದ್ದರು. ಅಂದು ಮಂಜು ಕವಿದು ಲವಣ ಸಮುದ್ರವೂ ಸರಿಯಾಗಿ ಕಾಣುತ್ತಿರಲಿಲ್ಲ. ಕಟಕಟೆಯ ಹತ್ತಿರ ಯಾವ ಊರು ಯಾವ ದಿಕ್ಕಿಗೆ ಎಂದು ತೋರಿಸುವ ಹಲಗೆ ಇದೆ.

"ಕಾಣ್ತದೇನ ಮೌಶಿ?"

"ನನ್ನ ಕಣ್ಣಾಗ ಪೊರಿ ಬಂದೈತಿ, ಮುಂದಿನ ತಿಂಗಳ ಆಪರೇಷನ್. ನೀನ ನೋಡಿ ಹೇಳು."

ನನಗೂ ಏನೂ ಕಾಣುತ್ತಿರಲಿಲ್ಲ. ಹಲಗೆ ನೋಡಿಕೊಂಡು, ಮಂಜಿನತ್ತ ಬೆರಳು ಮಾಡಿ ಹೇಳುತ್ತಾ ಹೋದೆ. ಅದು ಯೆರಿಕೋ, ಆಚೆ ಯೆರೂಸಲೇಮ್, ಈ ಕಡೆ ಬೇತ್ಲೆಹೇಮ್. ಒಂದೊಂದು ಹೆಸರಿಗೂ ಮೌಶಿ "ಹೂಂ" ಎನ್ನುತ್ತಿದ್ದಳು.