ಸೇಡಂ ರಸ್ತೆಯ ಮೂರು ಫಲಕಗಳು

ಕಲಬುರಗಿಯ ಸೇಡಂ ರಸ್ತೆಯಲ್ಲಿ ನಾನು ಸಂಜೆ ಚಹಾ ಕುಡಿಯುವ ಅಂಗಡಿಯ ಎದುರಿಗೆ ಮೂರು ಫಲಕಗಳು ಒಂದರ ಮಗ್ಗುಲಿಗೆ ಒಂದರಂತೆ ನಿಂತಿವೆ: ಹಾಸ್ಪಿಟಲ್, ಹಾಸ್ಟೆಲ್, ಹೋಟೆಲ್. ಪಿಯುಸಿ ಓದುತ್ತಿರುವ ಅಣ್ಣನ ಮಗ ಮೊನ್ನೆ ಅವನ್ನು ದಿಟ್ಟಿಸಿ ನೋಡಿ, “ಕಾಕಾ, ಈ ಮೂರೂ ಒಂದೇ ಮನೆತನದ್ದು ಇದ್ದಂಗ ಅದಾವಲ್ರಿ?” ಎಂದು ಕೇಳಿದ.

ಅವನ ಊಹೆ ಸರಿಯಾಗಿತ್ತು. ಮೂರೂ ಲ್ಯಾಟಿನ್ನಿನ ‘ಹಾಸ್ಪೆಸ್’ ಎಂಬ ಪದದ ಸಂತಾನ. ಮಧ್ಯಯುಗದ ಯುರೋಪಿನಲ್ಲಿ ಹಾಸ್ಪಿಟಲ್ ಎಂದರೆ ಯಾತ್ರಿಕರು, ಬಡವರು, ದಿಕ್ಕಿಲ್ಲದ ಮುದುಕರು ಬಂದು ತಂಗುತ್ತಿದ್ದ ಛತ್ರ. ಅಲ್ಲಿಗೆ ಬಂದವರಲ್ಲಿ ಕಾಯಿಲೆಯವರೂ ಇರುತ್ತಿದ್ದುದರಿಂದ ಶುಶ್ರೂಷೆ ಸೇರಿಕೊಂಡು, ಕಾಲಕ್ರಮದಲ್ಲಿ ಅದೇ ಮುಖ್ಯಾರ್ಥವಾಯಿತು. ಹಳೆಯ ಅರ್ಥದ ಗುರುತುಗಳು ಇಂಗ್ಲೆಂಡಿನಲ್ಲಿ ಈಗಲೂ ಉಳಿದಿವೆ. 1552ರಲ್ಲಿ ಸ್ಥಾಪನೆಯಾದ ಕ್ರೈಸ್ಟ್ಸ್ ಹಾಸ್ಪಿಟಲ್ ಒಂದು ಶಾಲೆ. ಎರಡನೆಯ ಚಾರ್ಲ್ಸ್ ದೊರೆ 1682ರಲ್ಲಿ ಸ್ಥಾಪಿಸಿದ ಚೆಲ್ಸಿಯ ರಾಯಲ್ ಹಾಸ್ಪಿಟಲ್ ನಿವೃತ್ತ ಸೈನಿಕರ ವಸತಿ. ಈ ದೃಷ್ಟಿಯಿಂದ ನಮ್ಮ ‘ದವಾಖಾನೆ’ಯೇ ನೇರವಾದ ಮಾತು, ಏಕೆಂದರೆ ಔಷಧಿಯ ಮನೆ ಎಂಬುದನ್ನು ಅದು ಮರೆಮಾಚುವುದಿಲ್ಲ. ಅಂದಹಾಗೆ, ದವಾಖಾನೆಯ ‘ಖಾನೆ’ ಮನೆ ಎಂಬರ್ಥದ ಪಾರಸಿ ಪದ. ರೊಟ್ಟಿ ಊಟದ ಖಾನಾವಳಿಯ ‘ಖಾನಾ’ ಊಟಕ್ಕೆ ಸೇರಿದ್ದು. ಹೋಲಿಕೆ ಕಂಡಲ್ಲೆಲ್ಲ ನೆಂಟಸ್ತಿಕೆ ಇರುವುದಿಲ್ಲವೆಂದು ಹುಡುಗನಿಗೆ ಅದನ್ನೂ ಹೇಳಿದೆ.

ಹಾಸ್ಟೆಲ್ ಮತ್ತು ಹೋಟೆಲ್ ವಾಸ್ತವದಲ್ಲಿ ಒಂದೇ ಪದದ ಎರಡು ವಯಸ್ಸುಗಳು. ಹಳೆಯ ಫ್ರೆಂಚಿನ ‘ಹಾಸ್ಟೆಲ್’ ಮೊದಲು ಇಂಗ್ಲಿಷಿಗೆ ಬಂತು. ಆಮೇಲೆ ಫ್ರೆಂಚರ ಬಾಯಲ್ಲಿ ಸಕಾರ ಸವೆದುಹೋಗಿ, ಸವೆದುಹೋದ ಪದ 18ನೆಯ ಶತಮಾನದಲ್ಲಿ ‘ಹೋಟೆಲ್’ ಆಗಿ ಮತ್ತೊಮ್ಮೆ ಬಂತು. ಫ್ರೆಂಚರು ಹೋದ ಆ ಸಕಾರದ ನೆನಪಿಗೆ ‘ಓ’ ಅಕ್ಷರದ ತಲೆಯ ಮೇಲೆ ಒಂದು ಪುಟ್ಟ ಟೋಪಿಯನ್ನು ಇಂದಿಗೂ ಬರೆಯುತ್ತಾರೆ. ಪ್ಯಾರಿಸ್ಸಿನಲ್ಲಿ ‘ದೇವರ ಹೋಟೆಲ್’ ಎಂಬ ಅರ್ಥದ ಹೆಸರುಳ್ಳದ್ದು ಆಸ್ಪತ್ರೆ, ‘ಊರ ಹೋಟೆಲ್’ ಎಂಬ ಅರ್ಥದ್ದು ನಗರಾಡಳಿತದ ಕಚೇರಿ. ನಮ್ಮೂರಿನ ಹೋಟೆಲಿನಲ್ಲಾದರೋ ಸುಸಲಾ, ಭಜಿ, ಚಹಾ ಸಿಗುತ್ತವೆಯೇ ಹೊರತು ಹಾಸಿಗೆ ಸಿಗುವುದಿಲ್ಲ. ಮಲಗಬೇಕಾದವರು ಲಾಡ್ಜ್ ಹುಡುಕಬೇಕು.

ಹುಡುಗ ಕೇಳದೇ ಇದ್ದದ್ದು ಇದಕ್ಕಿಂತ ಸ್ವಾರಸ್ಯದ್ದು. ವೈರದಿಂದ ಕೂಡಿದ ಎಂಬರ್ಥದ ‘ಹಾಸ್ಟೈಲ್’ ಕೂಡ ಈ ಮನೆತನದ್ದೇ. ಅದರ ಮೂಲವಾದ ಲ್ಯಾಟಿನ್ನಿನ ‘ಹಾಸ್ಟಿಸ್’ ಪದಕ್ಕೆ ಮೊದಲಿದ್ದ ಅರ್ಥ ಪರಸ್ಥಳದವನು ಎಂದಷ್ಟೇ. ಶತ್ರು ಎಂಬುದು ಆಮೇಲೆ ಬಂದದ್ದೆಂದು ಪ್ರಾಚೀನ ರೋಮಿನ ಲೇಖಕ ಸಿಸೆರೊ ತನ್ನ ಕಾಲದಲ್ಲಿಯೇ ಬರೆದಿದ್ದಾನೆ. ಇಂಗ್ಲಿಷಿನ ‘ಗೆಸ್ಟ್’ ಜರ್ಮ್ಯಾನಿಕ್ ಕವಲಿನ ಮೂಲಕ ಬಂದಿದ್ದರೂ ಅದೇ ಆದಿಮೂಲಕ್ಕೆ ಹೋಗಿ ಮುಟ್ಟುತ್ತದೆ. ಮನೆಗೆ ಬಂದವನು ಗೆಸ್ಟ್, ಬರಮಾಡಿಕೊಂಡವನು ಹೋಸ್ಟ್ ಎಂದು ಇಂಗ್ಲಿಷ್ ಇಬ್ಬರನ್ನೂ ಬೇರೆಮಾಡಿದೆ. ಆದರೆ ‘ಹಾಸ್ಪೆಸ್’ ಎಂಬ ಒಂದೇ ಪದ ಇಬ್ಬರಿಗೂ ಸಲ್ಲುತ್ತಿತ್ತು, ಫ್ರೆಂಚಿನ ‘ಓಟ್’ ಈಗಲೂ ಸಲ್ಲುತ್ತದೆ.

ಹೀಗೆ ಎರಡೂ ಕಡೆಗೆ ಮುಖ ಮಾಡಿದ ಪದ ಇಂಗ್ಲಿಷ್ ಓದಿದವರಿಗೆ ವಿಚಿತ್ರವೆನಿಸಬಹುದು, ನಮಗೆ ಎನಿಸಬೇಕಾಗಿಲ್ಲ. ‘ಬೀಗರು’ ಎಂಬ ಮಾತು ನಮ್ಮಲ್ಲಿದೆಯಲ್ಲ! ಹೆಣ್ಣಿನ ತಂದೆಗೆ ಗಂಡಿನ ತಂದೆ ಬೀಗರು, ಅವರಿಗೆ ಇವರೂ ಬೀಗರೇ. ಕಳೆದ ವರ್ಷ ಅಣ್ಣನ ಮಗಳ ಮದುವೆಯಲ್ಲಿ ಎಲೆಗೆ ಹೋಳಿಗೆ ಬಿದ್ದು ತುಪ್ಪ ಆರುತ್ತಿದ್ದರೂ ಇಬ್ಬರೂ ಕೂಡಲೊಲ್ಲರು. “ಮೊದಲ ನೀವು ಕೂಡ್ರಿ ಬೀಗರೇ” ಎಂದು ಅಣ್ಣ, “ಛೇ, ನೀವು ಕೂಡ್ರಿ ಬೀಗರೇ” ಎಂದು ಅವರು. ತುಪ್ಪದ ಪಾತ್ರೆ ಹಿಡಿದು ನಿಂತಿದ್ದ ಹುಡುಗ ಯಾರ ಎಲೆಗೆ ಮೊದಲು ಬಡಿಸಬೇಕೆಂದು ತಿಳಿಯದೆ ಸುಮ್ಮನೆ ನನ್ನ ಮುಖ ನೋಡುತ್ತಿದ್ದ.